ಮೊದಲು ಅರ್ಥಿಂಗ್, ಆಮೇಲೆ ಗೀಸರ್

ಕಳೆದ ಯುಗಾದಿಗೆ ಊರಿಗೆ ಹೋಗಿದ್ದೆ. ಬೆಳಿಗ್ಗೆ ಅಮ್ಮ ವಾಷಿಂಗ್ ಮಷೀನ್ ಹತ್ತಿರ ಹೋಗುವ ಮೊದಲು ಹಿತ್ತಲ ಬಾಗಿಲಲ್ಲಿದ್ದ ರಬ್ಬರ್ ಚಪ್ಪಲಿ ಮೆಟ್ಟಿಕೊಂಡಳು. ಮನೆಯೊಳಗೆ ಚಪ್ಪಲಿ ಹಾಕಿದರೆ ಬೈದು ಅಟ್ಟುತ್ತಿದ್ದ ಅಮ್ಮ! "ಇದೇನಮ್ಮ?" ಅಂದೆ. "ಬರಿಗಾಲಲ್ಲಿ ಮುಟ್ಟಿದ್ರೆ ಒಸಿ ಜುಮ್ ಅಂತದೆ ಕಣಪ್ಪ. ಚಪ್ಪಲಿ ಹಾಕ್ಕೊಂಡ್ರೆ ಏನೂ ಆಗಕಿಲ್ಲ" ಅಂದಳು.

ಮಷೀನ್ ಬಂದು ಎಂಟು ತಿಂಗಳಾಗಿತ್ತು. ಕಳಿಸಿದ್ದು ನಾನೇ. ಅದರ ಫೋಟೊ ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿ "ಇನ್ನು ಅಮ್ಮ ಬಟ್ಟೆ ಒಗೆಯೋ ಕಷ್ಟ ಇಲ್ಲ" ಅಂತ ಬೀಗಿದವನೂ ನಾನೇ. ಮೇನ್ ಸ್ವಿಚ್ ಆಫ್ ಮಾಡಿ ಸಾಕೆಟ್ ಬಿಚ್ಚಿ ನೋಡಿದೆ. ಮೂರು ಪಿನ್ನಿನ ಸಾಕೆಟ್ಟು, ಒಳಗೆ ಬಂದಿದ್ದು ಎರಡೇ ವೈರು. ಅರ್ಥ್ ಪಿನ್ನಿಗೆ ಏನೂ ಇಲ್ಲ. ಅಜ್ಜನ ಕಾಲದಲ್ಲಿ ಮರದ ಪಟ್ಟಿ ಮೇಲೆ ಎಳೆದ ವೈರಿಂಗ್ ಅದು. ಅದರ ತುದಿಗೆ ನನ್ನ ಪ್ರೀತಿಯ ಉಡುಗೊರೆ ನೇತುಹಾಕಿದ್ದೆ.

ನಾಚಿಕೆಯ ವಿಷಯ ಏನು ಗೊತ್ತಾ? ನಾನು ಬಿಇ. ವಿಟಿಯುನಲ್ಲಿ ಓದಿದವರಿಗೆ ನೆನಪಿರುತ್ತೆ, ಬ್ರಾಂಚ್ ಯಾವುದೇ ಇರಲಿ, ಮೊದಲ ವರ್ಷ ಬೇಸಿಕ್ ಎಲೆಕ್ಟ್ರಿಕಲ್ ಪೇಪರ್ ಇರುತ್ತಿತ್ತು. ಪ್ಲೇಟ್ ಅರ್ಥಿಂಗ್, ಪೈಪ್ ಅರ್ಥಿಂಗ್ ಚಿತ್ರ ಬರೆದು, ಇದ್ದಿಲು, ಉಪ್ಪು ಅಂತ ಬಾಣದ ಗುರುತು ಹಾಕಿ ಮಾರ್ಕ್ಸ್ ತಗೊಂಡೆವು. ಆ ಗುಂಡಿ ನಮ್ಮನೆ ಹಿತ್ತಲಲ್ಲಿ ಇದೆಯಾ ಅಂತ ಒಂದು ದಿನವೂ ನೋಡಲಿಲ್ಲ.

ಇದು ನನ್ನೊಬ್ಬನ ಕತೆಯಲ್ಲ. ನಮ್ಮ ತಲೆಮಾರಿನ ಹಳ್ಳಿ ಹುಡುಗರೆಲ್ಲ ಇದನ್ನೇ ಮಾಡ್ತಿದ್ದೇವೆ. ಮೊದಲ ಸಂಬಳಕ್ಕೆ ಮಿಕ್ಸಿ, ಬೋನಸ್ಸಿಗೆ ಫ್ರಿಜ್ಜು, ಪ್ರಮೋಷನ್ನಿಗೆ ಗೀಸರು, ಅಪ್ಪನಿಗೆ ಬಿಪಿ ಅಂದ ಮೇಲೆ ಎಸಿ. ಫೋಟೊದಲ್ಲಿ ಕಾಣುವುದಕ್ಕೆಲ್ಲ ದುಡ್ಡಿದೆ. ವೈರು ಫೋಟೊದಲ್ಲಿ ಕಾಣಲ್ಲ, ಅದಕ್ಕೇ ಅದಕ್ಕೆ ದುಡ್ಡಿಲ್ಲ. 2023ರಲ್ಲಿ ಗೃಹಜ್ಯೋತಿ ಬಂತು, 200 ಯೂನಿಟ್‌ ಒಳಗಿನ ಅರ್ಹ ಮನೆಗಳಿಗೆ ಬಿಲ್ಲಿನ ಚಿಂತೆ ಇಲ್ಲ. ಒಳ್ಳೆಯದೇ. ಆದರೆ ಕರೆಂಟು ಉಚಿತವಾದರೂ ವೈರು ಹಳೆಯದೇ. ಮೀಟರಿನಿಂದ ಈಚೆಗಿರುವುದೆಲ್ಲ ಮನೆಯವರ ಹೊಣೆ.

"ಇಷ್ಟು ವರ್ಷ ಏನೂ ಆಗಿಲ್ವಲ್ಲ" ಅನ್ನೋರಿಗೆ ಸಣ್ಣದೊಂದು ಲೆಕ್ಕ. ಅಜ್ಜನ ಕಾಲದಲ್ಲಿ ಮನೆಗೆ 60 ವ್ಯಾಟಿನ ಐದು ಬಲ್ಬು. ಎಲ್ಲ ಒಟ್ಟಿಗೆ ಉರಿದರೂ 300 ವ್ಯಾಟ್, ಅಂದರೆ 230 ವೋಲ್ಟಿನಲ್ಲಿ ಸುಮಾರು 1.3 ಆಂಪಿಯರ್. ನೀವು ಕಳಿಸಿದ 3 ಕಿಲೋವ್ಯಾಟಿನ ಇನ್‌ಸ್ಟಂಟ್ ಗೀಸರ್ ಒಂದೇ 13 ಆಂಪಿಯರ್ ಎಳೆಯುತ್ತೆ. ಹತ್ತು ಪಟ್ಟು. ವೈರಿನಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುತ್ತೆ, ಹಾಗಾಗಿ ಅದೇ ವೈರಿನಲ್ಲಿ ಶಾಖ ನೂರು ಪಟ್ಟು. ಮೇಲೆ ಒಣಗಿದ ಮರದ ತೊಲೆ, ಜಂತೆ, ಅಟ್ಟದಲ್ಲಿ ವೈರು ಕಡಿಯುವ ಇಲಿ. ಇಷ್ಟು ವರ್ಷ ಏನೂ ಆಗದ್ದು ವೈರಿಂಗ್ ಗಟ್ಟಿಯಿದೆ ಅಂತಲ್ಲ, ಅದರ ಮೇಲೆ ಭಾರವೇ ಬಿದ್ದಿರಲಿಲ್ಲ ಅಂತ.

ಭಾರ ಬಿದ್ದಾಗ ಪಾಪ ಫ್ಯೂಸು ಹೇಳುತ್ತೆ. ನಾವು ಅದರ ಬಾಯಿ ಮುಚ್ಚಿಸ್ತೇವೆ. ಪದೇ ಪದೇ ಹೋಗತ್ತೆ ಅಂತ ಕಟೌಟಿಗೆ ಇನ್ನೆರಡು ಎಳೆ ಸುತ್ತುವುದು ಎಲ್ಲ ಊರಲ್ಲೂ ಗೊತ್ತಿರುವ ವಿದ್ಯೆ. ಈಗ ಅದರ ಹೊಸ ಅವತಾರ ಬಂದಿದೆ: "ಆರ್‌ಸಿಸಿಬಿ ಸುಮ್ಸುಮ್ನೆ ಟ್ರಿಪ್ ಆಗ್ತಿತ್ತು ಸಾರ್, ಬೈಪಾಸ್ ಮಾಡಿದೀನಿ." ಅದು ಸುಮ್ಸುಮ್ನೆ ಟ್ರಿಪ್ ಆಗಲ್ಲ ಸ್ವಾಮಿ. ಎಲ್ಲೋ ಕರೆಂಟು ಸೋರುತ್ತಿದೆ, ಇಲ್ಲವೇ ಎರಡು ಲೈನಿನ ನ್ಯೂಟ್ರಲ್ ಬೆರೆತಿದೆ. ತಪ್ಪು ಹುಡುಕುವ ಬದಲು ತಪ್ಪು ತೋರಿಸಿದವನನ್ನೇ ತೆಗೆದುಹಾಕುವುದಕ್ಕೆ ರಿಪೇರಿ ಅನ್ನಬೇಡಿ.

ಎಂಸಿಬಿ ಇದೆಯಲ್ಲ ಅಂತ ನಮ್ಮ ಆಫೀಸಿನಲ್ಲೇ ಒಬ್ಬರು ವಾದ ಮಾಡಿದರು. ಎಂಸಿಬಿ ಇರುವುದು ವೈರನ್ನು ಕಾಯಲು, ನಿಮ್ಮಮ್ಮನನ್ನಲ್ಲ. 16 ಆಂಪಿಯರ್ ದಾಟದ ಹೊರತು 16ರ ಎಂಸಿಬಿ ಅಲುಗಾಡಲ್ಲ. ಮನುಷ್ಯನ ಜೀವ ಹೋಗಲು ಅದರ ನೂರರಲ್ಲೊಂದು ಪಾಲೂ ಬೇಕಿಲ್ಲ. ಮನೆಗೆ ಹಾಕುವ ಆರ್‌ಸಿಸಿಬಿ 30 ಮಿಲಿಆಂಪಿಯರ್ ಸೋರಿಕೆಗೇ ಲೈನ್ ಕಡಿಯುತ್ತೆ. ಜೊತೆಗೆ ಸರಿಯಾದ ಅರ್ಥಿಂಗ್ ಇದ್ದರೆ ಯಂತ್ರದ ಮೈಗೆ ಕರೆಂಟು ಬಂದ ಕ್ಷಣವೇ ಕಡಿಯುತ್ತೆ, ಯಾರೂ ಮುಟ್ಟುವವರೆಗೆ ಕಾಯಲ್ಲ. ಆರ್‌ಸಿಸಿಬಿಯ ಬೆಲೆ ವೀಕೆಂಡಿನಲ್ಲಿ ನಾಲ್ಕು ಜನ ಗೆಳೆಯರು ಹೋಟೆಲಿನಲ್ಲಿ ಕೊಡುವ ಬಿಲ್ಲಿನಷ್ಟು.

ಹಾಗಂತ ನಾಳೆಯೇ ಎಲೆಕ್ಟ್ರಿಷಿಯನ್ನಿಗೆ ದುಡ್ಡು ಹಾಕಿ "ಎಲ್ಲ ಹೊಸದು ಮಾಡಿಬಿಡಿ" ಅನ್ನಬೇಡಿ. ಅದು ಇನ್ನೊಂದು ಸೋಮಾರಿತನ. ಎರಡು ದಿನ ರಜೆ ಹಾಕಿ ಹೋಗಿ. ಒಂದು ನೋಟ್‌ಬುಕ್ ಹಿಡಿದು ಕೋಣೆ ಕೋಣೆ ತಿರುಗಿ. ಈಗ ಏನಿದೆ, ಮುಂದಿನ ಹತ್ತು ವರ್ಷದಲ್ಲಿ ಏನು ಬರಬಹುದು, ಬರೆಯಿರಿ. ಪ್ರತಿಯೊಂದರ ವ್ಯಾಟ್ ಕೂಡಿ. ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಅಂತ ಇರುತ್ತೆ, ತಾಳೆ ನೋಡಿ, ಸಾಲದಿದ್ದರೆ ಹೆಚ್ಚಿಸಿಕೊಳ್ಳಿ. ದೀಪ, ಫ್ಯಾನಿಗೆ ಒಂದು ಲೈನು, ಅಡುಗೆಮನೆಗೆ ಒಂದು, ಗೀಸರಿಗೆ ಬೇರೆ, ಮೋಟರಿಗೆ ಬೇರೆ. ದೀಪಕ್ಕೆ 1.5, ಪವರ್ ಸಾಕೆಟ್ಟಿಗೆ 2.5, ಗೀಸರಿಗೆ 4 ಚದರ ಮಿಲಿಮೀಟರಿನ ತಾಮ್ರದ ವೈರು, ಐಎಸ್‌ಐ ಗುರುತು ನೋಡಿ ತಗೊಳ್ಳಿ. ಪ್ರತಿ ಸಾಕೆಟ್ಟಿಗೂ ಅರ್ಥ್ ವೈರು ಹೋಗಲೇಬೇಕು. ಕೆಲಸ ಮಾಡುವವರಿಗೆ ವಿದ್ಯುತ್ ಪರಿವೀಕ್ಷಣಾ ಇಲಾಖೆಯ ಲೈಸೆನ್ಸ್ ಇರಲಿ. ಕರೆಂಟು ಕೊಡುವ ಮೊದಲು ಮೆಗ್ಗರ್ ಹಾಕಿ ತೋರಿಸಲಿ.

ಹಳೇ ಮನೆಗೆ ಅದರದೇ ಹಟ ಇರುತ್ತೆ. ನಮ್ಮದು ಮಣ್ಣಿನ ಗೋಡೆ, ಕೊರೆಯಲು ಹೋದರೆ ಹೆಂಟೆ ಹೆಂಟೆ ಉದುರುತ್ತೆ. ಪಿವಿಸಿ ಪೈಪನ್ನು ಗೋಡೆ ಮೇಲೇ ಓಡಿಸಿದೆವು. ಚೆಂದ ಕಾಣಲ್ಲ ಅಂತ ಅಕ್ಕ ಗೊಣಗಿದಳು. ಕಾಣದಿದ್ದರೆ ಬೇಡ, ನಾಳೆ ಬಿಚ್ಚಿ ನೋಡಲು ಸುಲಭ. ಹಿತ್ತಲಲ್ಲಿ ಗುಂಡಿ ತೋಡಿ ಎರಡೂವರೆ ಮೀಟರಿನ ಜಿಐ ಪೈಪ್ ಇಳಿಸಿದೆವು. ಬೇಸಿಗೆಯಲ್ಲಿ ಅದಕ್ಕೆ ನೀರು ಹುಯ್ಯುವುದು ಅಪ್ಪನ ಕೆಲಸ. ತಿಂಗಳಿಗೊಮ್ಮೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತುವುದೂ ಅವರದೇ. ಮಂಚದ ಹತ್ತಿರ ಒಂದು, ಬಚ್ಚಲ ಬಾಗಿಲಲ್ಲಿ ಒಂದು, ಒಂದೇ ದೀಪಕ್ಕೆ ಎರಡು ಸ್ವಿಚ್ ಹಾಕಿಸಿದೆವು. ರಾತ್ರಿ ಎದ್ದವರು ಕತ್ತಲಲ್ಲಿ ಗೋಡೆ ತಡಕುವುದು ತಪ್ಪಿತು. ಇದು ಯಾವ ಎಲೆಕ್ಟ್ರಿಷಿಯನ್ನಿಗೂ ತಾನಾಗಿ ಹೊಳೆಯಲ್ಲ, ಆ ಮನೆಯಲ್ಲಿ ಬೆಳೆದವರಿಗೇ ಗೊತ್ತಿರೋದು. ನೀವೇ ಹೋಗಬೇಕು ಅನ್ನುವುದು ಇದಕ್ಕೇ.

ಆಫೀಸಿನಲ್ಲಿ ಒಂದು ಬಟನ್ನಿನ ಬಣ್ಣ ಬದಲಿಸಲು ಮೂರು ಮೀಟಿಂಗ್ ಮಾಡುವವರು ನಾವು. ಹೆತ್ತವರು ಮಲಗುವ ಮನೆಯ ವೈರಿಂಗಿಗೆ ಒಂದು ಹಾಳೆ ಪ್ಲ್ಯಾನ್ ಬರೆಯಲು ಪುರುಸೊತ್ತಿಲ್ಲ ಅಂದರೆ ಯಾರು ನಂಬ್ತಾರೆ?

ಕೆಲಸ ಮುಗಿದು ಮೂರು ತಿಂಗಳಾಯಿತು. ಈಗ ಜುಮ್ ಅನ್ನಲ್ಲ. ಆದರೂ ಅಮ್ಮ ಚಪ್ಪಲಿ ಬಿಟ್ಟಿಲ್ಲ, ಅಭ್ಯಾಸವಾಗಿಬಿಟ್ಟಿದೆ. ಆ ಅಭ್ಯಾಸ ಕಲಿಸಿದವನು ನಾನು.

ಇವತ್ತು ರಾತ್ರಿ ಊರಿಗೆ ಫೋನ್ ಮಾಡಿದಾಗ "ಊಟ ಆಯ್ತಾ" ಆದ ಮೇಲೆ ಇದೊಂದು ಮಾತು ಕೇಳಿ: ಮನೇಲಿ ಯಾವುದನ್ನಾದರೂ ಮುಟ್ಟಿದ್ರೆ ಜುಮ್ ಅನ್ನತ್ತಾ? ಹೌದು ಅಂದರೆ ಆ ಲೈನಿನ ಮೇನ್ ಆಫ್ ಮಾಡಿಸಿ, ಅದರ ಪ್ಲಗ್ ಕೀಳಿಸಿ. ಆಮೇಲೆ ಬಸ್ ಟಿಕೆಟ್ ಬುಕ್ ಮಾಡಿ.