ಆಡಿದ ಮಾತನ್ನು ಆಡಿದಂತೆ ಬರೆಯುವ ಕಾಯಕ

ವಚನವೆಂದರೆ ಆಡಿದ ಮಾತು. ಹನ್ನೆರಡನೆಯ ಶತಮಾನದ ಶರಣರ ಮಾತು ತಾಡವಾಲೆಗಳಲ್ಲಿ ಉಳಿಯಿತು. ಪ್ರತಿ ಮಾಡಿದವರ ಹೆಸರು ಬಹುಪಾಲು ಅಳಿಯಿತು. ಆ ಓಲೆಗಳನ್ನು ಹುಡುಕಿ ಕೂಡಿಸಿದ ಬಿಜಾಪುರದ ವಕೀಲ ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚು ಹಾಕಿಸಿದರು. ಬರೆದಿಡುವ ಕೈಗಳಿಲ್ಲದಿದ್ದರೆ ಶರಣರ ಸಮಾನತೆಯ ಮಾತು ನಮ್ಮವರೆಗೆ ಬರುತ್ತಿರಲಿಲ್ಲ.

ಇಂದು ಗೋಷ್ಠಿಗಳಲ್ಲಿ ಪೂಜ್ಯರ ಆಶೀರ್ವಚನದ ಸಾರ ಪತ್ರಿಕೆಗೆ ಸೇರುತ್ತದೆ. ಸಭೆಯ ಕೊನೆಯಲ್ಲಿ ಎದ್ದು ಪ್ರಶ್ನೆ ಕೇಳಿದ ರೇಷ್ಮೆ ಬೆಳೆಯುವ ತಾಯಿಯ ಮಾತು ಎಲ್ಲಿಯೂ ಸೇರುವುದಿಲ್ಲ. ಮೊಬೈಲಿನಲ್ಲಿ ಹಿಡಿದ ಧ್ವನಿ ಮೊಬೈಲಿನಲ್ಲೇ ಕೊಳೆಯುತ್ತದೆ.

ಇದಕ್ಕೆ ಒಂದು ಹಳೆಯ ವಿದ್ಯೆ ಇದೆ: ಶೀಘ್ರಲಿಪಿ. 1837ರಲ್ಲಿ ಐಸಾಕ್ ಪಿಟ್ಮನ್ ಪ್ರಕಟಿಸಿದ ಕ್ರಮದಲ್ಲಿ ಕಾಗುಣಿತಕ್ಕೆ ಬೆಲೆಯಿಲ್ಲ, ಕಿವಿಗೆ ಕೇಳಿದ ಉಚ್ಚಾರಕ್ಕೆ ಬೆಲೆ. ‘ಪ’ಕ್ಕೆ ತೆಳುಗೆರೆ, ಅದೇ ಗೆರೆ ದಪ್ಪವಾದರೆ ‘ಬ’. ಸ್ವರಗಳಿಗೆ ಚುಕ್ಕೆ, ಕಿರುಗೆರೆ. ವೇಗ ಬಂದ ಮೇಲೆ ಅವನ್ನೂ ಬಹುಮಟ್ಟಿಗೆ ಬಿಡಬಹುದು. ಕನ್ನಡ ಶೀಘ್ರಲಿಪಿಗೆ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯೇ ಪರೀಕ್ಷೆ ನಡೆಸುತ್ತದೆ. ನ್ಯಾಯಾಲಯ, ಸರ್ಕಾರಿ ಕಚೇರಿಗಳ ಶೀಘ್ರಲಿಪಿಗಾರರ ಹುದ್ದೆಗೆ ಇದೇ ದಾರಿ.

ಯಂತ್ರವೇ ಬರೆಯುವಾಗ ಇದೇಕೆ ಎನ್ನುವವರಿದ್ದಾರೆ. ಶಿಡ್ಲಘಟ್ಟ ತಾಲ್ಲೂಕಿನ ಮೇಲೂರಿನ ಕಡೆ ಜನ ಒಂದೇ ಉಸಿರಿನಲ್ಲಿ ಕನ್ನಡವನ್ನೂ ತೆಲುಗನ್ನೂ ಆಡುತ್ತಾರೆ. ಯಂತ್ರ ತಪ್ಪು ಕೇಳಿಸಿಕೊಂಡರೆ ಅದಕ್ಕೆ ಹೊಣೆ ಯಾರು? ಸಾಕ್ಷಿಕಟ್ಟೆಯಲ್ಲಿ ನಿಂತ ಬಡವನ ಒಂದು ಮಾತು ಬದಲಾದರೆ ಅವನ ಹೊಲವೇ ಹೋದೀತು. ಕೇಳಿದ್ದನ್ನು ತಿದ್ದದೆ, ಚೆಂದಗೊಳಿಸದೆ ಬರೆದು, ಅದಕ್ಕೆ ತಾನು ಹೊಣೆಯೆಂದು ನಿಲ್ಲುವ ಮನುಷ್ಯ ಬೇಕು. ಇದು ಬರೀ ಗುಮಾಸ್ತಿಕೆಯಲ್ಲ, ಸತ್ಯಶುದ್ಧ ಕಾಯಕ.

ಮಠಗಳಿಗೆ ನಮ್ಮ ಬಿನ್ನಹ ಇಷ್ಟೇ. ಸಂಜೆ ಖಾಲಿ ಬಿದ್ದಿರುವ ಸಭಾಂಗಣದಲ್ಲಿ ಒಂದು ಕನ್ನಡ ಶೀಘ್ರಲಿಪಿ ತರಗತಿ ತೆರೆಯಿರಿ. ಬೇಕಾದದ್ದು ಒಬ್ಬ ನಿವೃತ್ತ ಶೀಘ್ರಲಿಪಿಗಾರರು, ಕರಿಹಲಗೆ, ಪೆನ್ಸಿಲು, ನೋಟುಬುಕ್ಕು, ದಿನಕ್ಕೊಂದು ಗಂಟೆಯ ಅಭ್ಯಾಸ. ಮೇಲೂರಿನಂಥ ಹಿಪ್ಪುನೇರಳೆ ತೋಟದ ಊರುಗಳಿಂದ ಮಕ್ಕಳು ಬರಲಿ. ಹೆಣ್ಣುಮಕ್ಕಳಿಗೆ ಮೊದಲ ಸಾಲು. ಯಾವ ಜಾತಿಯೆಂದು ಕೇಳಬೇಡಿ. ಪ್ರತಿ ಗೋಷ್ಠಿಯನ್ನೂ ಅವರೇ ಬರೆದುಕೊಳ್ಳಲಿ: ಪೀಠದ ಮೇಲಿನ ಮಾತನ್ನೂ, ಚಾಪೆಯ ಮೇಲಿನ ಮಾತನ್ನೂ.

ಅನ್ನದಾಸೋಹ, ಅಕ್ಷರದಾಸೋಹಗಳಲ್ಲಿ ನಮ್ಮ ಮಠಗಳು ನಾಡಿಗೆ ಮಾದರಿ. ಮಕ್ಕಳಿಗೆ ಒಂದು ಉದ್ಯೋಗ, ಸಮಾಜಕ್ಕೆ ಒಂದು ನೆನಪು ಎರಡನ್ನೂ ಕೊಡುವ ಈ ದಾಸೋಹಕ್ಕೆ ಖರ್ಚು ಕಡಿಮೆ, ಮನಸ್ಸು ಬೇಕು.