ಸಾಕೋಕೆ ಆಗುತ್ತೆ, ಮಗಳು ಅನ್ನೋಕೆ ಆಗಲ್ಲವೆ?



ನಮ್ಮ ಕೇರಿಯ ಅಕ್ಕನೊಬ್ಬಳ ಜೊತೆ ನಾವು ಮೂವರು ಈ ವರ್ಷ ಏಳು ಸಲ ಮಕ್ಕಳ ರಕ್ಷಣೆಯ ಕಚೇರಿಗೆ ಅಲೆದೆವು. ಅಕ್ಕ ಬೆಳಗಿನ ಜಾವವೇ ಪೊರಕೆ ಹಿಡಿದು ಬೀದಿಗೆ ಇಳಿಯುವವಳು. ಒಂದೊಂದು ಸಲ ಹೋದಾಗಲೂ ಅವಳಿಗೆ ಒಂದು ದಿನದ ಸಂಬಳ ಖೋತಾ.

ಸಂಗತಿ ಇಷ್ಟು. ಮೂರು ವರ್ಷದ ಹಿಂದೆ ಬಾಲಮಂದಿರದಿಂದ ಆರು ವರ್ಷದ ಹುಡುಗಿಯನ್ನು ಅಕ್ಕ-ಭಾವನಿಗೆ ಸಾಕಲು ಕೊಟ್ಟರು. ಫಾಸ್ಟರ್ ಕೇರ್ ಅಂತಾರೆ. ಮಗು ನಿಮ್ಮ ಮನೇಲಿರುತ್ತೆ, ಆದರೆ ನಿಮ್ಮದಲ್ಲ. ಬಂದ ಹೊಸದರಲ್ಲಿ ಅದು ರಾತ್ರಿ ಮುದ್ದೆಯ ತುಂಡು ತೆಗೆದು ದಿಂಬಿನಡಿ ಇಟ್ಟುಕೊಳ್ಳುತ್ತಿತ್ತು. "ಬೆಳಿಗ್ಗೇನೂ ಇರ್ತದೆ ಕಣವ್ವ" ಅಂತ ಅಕ್ಕ ಒಂದು ವರ್ಷ ಹೇಳಿದಳು. ಈಗ ಇಟ್ಟುಕೊಳ್ಳಲ್ಲ. ಅಕ್ಕನನ್ನು ಅವ್ವಾ ಅಂತ ಕರೆಯುತ್ತೆ.

ಸಾಕಿದವರು ದತ್ತು ಕೇಳಬೇಕಾದರೆ ಹಿಂದೆ ಐದು ವರ್ಷ ಕಾಯಬೇಕಿತ್ತು. 2024ರ ಮಾರ್ಗಸೂಚಿಯಲ್ಲಿ ಅದು ಎರಡು ವರ್ಷಕ್ಕೆ ಇಳಿದಿದೆ. 2022ರ ಸೆಪ್ಟೆಂಬರಿನಿಂದ ದತ್ತು ಆದೇಶ ಕೊಡೋದು ಕೋರ್ಟಲ್ಲ, ಜಿಲ್ಲಾಧಿಕಾರಿ. ಬೇಗ ಆಗಲಿ ಅಂತಲೇ ಹಾಗೆ ಮಾಡಿದರು. ಆದರೆ ಅದಕ್ಕೆ ಮೊದಲು ಮಗು "ದತ್ತು ಮುಕ್ತ" ಅಂತ ಮಕ್ಕಳ ಕಲ್ಯಾಣ ಸಮಿತಿ ಹೇಳಬೇಕು. ಎರಡು ವರ್ಷ ದಾಟಿದ ಅನಾಥ ಮಗುವಿಗೆ, ತೊರೆದ ಮಗುವಿಗೆ ನಾಲ್ಕು ತಿಂಗಳ ಗಡುವು 2015ರ ಬಾಲನ್ಯಾಯ ಕಾಯ್ದೆಯಲ್ಲೇ ಇದೆ. ನಮ್ಮ ಹುಡುಗಿಗೆ ಅಪ್ಪ ಇದ್ದಾನೆ. ಒಮ್ಮೆ ಬಾಲಮಂದಿರಕ್ಕೆ ಬಂದು ಹೆಬ್ಬೆಟ್ಟು ಒತ್ತಿ ಹೋದವನು ಮತ್ತೆ ಬಂದಿಲ್ಲ. ಹಾಗಾಗಿ ಅವಳು ಅನಾಥಳೂ ಅಲ್ಲವಂತೆ, ತೊರೆದವಳೂ ಅಲ್ಲವಂತೆ. ಫೈಲು ಅಲ್ಲೇ ಕೂತಿದೆ.

ಆ ಅಪ್ಪನ ಮೇಲೆ ನಮಗೆ ಸಿಟ್ಟಿಲ್ಲ. ತೋಟದ ಕೂಲಿಗೆ ಹೋದವನು, ನಮ್ಮವನೇ. ಬಡವ ಅನ್ನೋ ಕಾರಣಕ್ಕೆ ಅವನ ಮಗಳನ್ನು ಕಿತ್ತುಕೊಳ್ಳಿ ಅಂತ ನಾವು ಹೇಳಲಾರೆವು. ಹುಡುಕಿ, ಕೂರಿಸಿ ಕೇಳಿ. ಅವನು ಬೇಕು ಅಂದರೆ ಅಕ್ಕ ಎದೆ ಕಲ್ಲು ಮಾಡಿಕೊಂಡು ಕಳಿಸ್ತಾಳಂತೆ. ಮೂರು ವರ್ಷದಲ್ಲಿ ಅವನ ಊರಿಗೆ ಒಂದು ಕಾಗದವೂ ಹೋಗಿಲ್ಲ.

ಮನೆ ನೋಡಲು ಬಂದವರು ಬಾಗಿಲಲ್ಲೇ ನಿಂತರು. ನೀರು ಕೊಟ್ಟರೆ ಬೇಡ ಅಂದರು. ಯಾಕೆ ಅಂತ ನಿಮಗೆ ಹೇಳಬೇಕಿಲ್ಲ. "ಒಂದೇ ಕೋಣೆ, ಮಗುವಿಗೆ ಬೇರೆ ಜಾಗವಿಲ್ಲ" ಎಂದು ಬರೆದುಕೊಂಡರು. ಸಾಕೋಕೆ ಕೊಡುವಾಗ ಇವರೇ ಒಪ್ಪಿದ ಕೋಣೆ ಅದು! ನಾವು ಹಾಸ್ಟೆಲಿನ ಒಂದು ರೂಮಲ್ಲಿ ಹತ್ತು ಹನ್ನೆರಡು ಜನ ಮಲಗಿ ಓದಿದೆವಲ್ಲ, ಆಗ ಯಾವ ಸಾಹೇಬರೂ ಟೇಪು ಹಿಡಿದು ಬರಲಿಲ್ಲ. ಬ್ರಾಹ್ಮಣ ವಿಧವೆಯ ಮಗು ಯಶವಂತನನ್ನು ಸಾವಿತ್ರಿಬಾಯಿ, ಜೋತಿಬಾ ಫುಲೆ ದತ್ತು ತಗೊಂಡರು. ಇವರು ಅವರ ಮನೆಗೂ ಹೋಗಿದ್ದರೆ ಏನು ಬರೆಯುತ್ತಿದ್ದರೋ.

ಮಗುವಿನ ಇಚ್ಛೆಯನ್ನೂ ವಯಸ್ಸಿಗೆ ತಕ್ಕಂತೆ ಗಮನಿಸಬೇಕು ಅನ್ನುತ್ತೆ ಅದೇ ಕಾಯ್ದೆ. ಏಳು ಸಲದಲ್ಲಿ ಒಮ್ಮೆಯೂ ಹುಡುಗಿಯನ್ನು ಯಾರೂ ಕೇಳಿಲ್ಲ.

ಬರುವ ಮಂಗಳವಾರ ಸಮಿತಿ ಕೂರುತ್ತೆ. ಹಾಸ್ಟೆಲಿನಲ್ಲಿ ಕಾನೂನು ಓದುತ್ತಿರುವ ಗೆಳೆಯರು ಒಬ್ಬರಾದರೂ ಬನ್ನಿ, ಅರ್ಜಿ ಬರೆಯೋದು ಬಾಕಿ ಇದೆ. ಹುಡುಗಿಯೂ ಬರ್ತಾಳೆ. ಈಗಲೇ ಯೂನಿಫಾರಂ ಒಗೆದು ಮಡಿಸಿ ಇಟ್ಟುಕೊಂಡಿದ್ದಾಳೆ.