ಹತ್ತು ಸೆಂಟಿನ ಮಹಾಪುರುಷ

ಹಸಿರು ಬಣ್ಣದ ಮೋಟಾರು ಕಾರೊಂದನ್ನು ಎತ್ತಿ ಬಂಡೆಗೆ ಅಪ್ಪಳಿಸುತ್ತಿರುವ ನೀಲಿ ಉಡುಪಿನ ಬಲಶಾಲಿ. ತಲೆಯ ಮೇಲೆ ಕೈಹೊತ್ತು ಓಡುತ್ತಿರುವ ಒಬ್ಬ ಗೃಹಸ್ಥ. 1938ರ ಜೂನ್ ತಿಂಗಳ ಹೆಸರು ಹೊತ್ತು ಅಮೆರಿಕದಲ್ಲಿ ಹೊರಬಿದ್ದ ‘ಆ್ಯಕ್ಷನ್ ಕಾಮಿಕ್ಸ್’ ಚಿತ್ರಪುಸ್ತಕದ ಮೊದಲ ಸಂಚಿಕೆಯ ಮುಖಪುಟವಿದು. ಬೆಲೆ 10 ಸೆಂಟು. ಅದರ ಪ್ರತಿಯೊಂದು 2024ರ ಏಪ್ರಿಲಿನಲ್ಲಿ 60 ಲಕ್ಷ ಡಾಲರಿಗೆ ಹರಾಜಾಯಿತು. ಮಹಾಯುದ್ಧದ ಕಾಲದಲ್ಲಿ ಮಕ್ಕಳ ಚಿತ್ರಪುಸ್ತಕಗಳನ್ನು ಕಟ್ಟುಗಟ್ಟಲೆ ರದ್ದಿಗೆ ಒಪ್ಪಿಸಿ ದೇಶಸೇವೆ ಮಾಡಿದ ತಾಯಂದಿರ ಸಂಸಾರಗಳಲ್ಲಿ ಈ ಸುದ್ದಿ ಯಾವ ಶಾಂತಿಯನ್ನೂ ತಂದಿರಲಾರದು.

ಒಳಪುಟ ತೆರೆದವರಿಗೆ ಮೊದಲೊಂದು ನಿರಾಶೆ ಕಾದಿದೆ. ಈ ಸೂಪರ್‌ಮ್ಯಾನ್ ಹಾರುವುದಿಲ್ಲ, ನೆಗೆಯುತ್ತಾನೆ, ಅಷ್ಟೆ. ಅದೂ ಮೈಲಿಯ ಎಂಟನೆಯ ಒಂದು ಭಾಗ, ಎಂದರೆ ಸರಿಯಾಗಿ ಒಂದು ಫರ್ಲಾಂಗು. ಶತಯೋಜನದ ಸಮುದ್ರವನ್ನು ಲಂಘಿಸಿದ ವಾಯುಪುತ್ರನ ಕಥೆ ಕೇಳಿ ಬೆಳೆದವರಿಗೆ ಇದು ಮನೆಯಿಂದ ಅಂಚೆ ಪೆಟ್ಟಿಗೆಯವರೆಗಿನ ದಾರಿ. ಆದರೂ ಆತ ಇಪ್ಪತ್ತು ಅಂತಸ್ತಿನ ಕಟ್ಟಡವನ್ನು ದಾಟಬಲ್ಲ, ರೈಲಿಗಿಂತ ವೇಗವಾಗಿ ಓಡಬಲ್ಲ. ನಂಬದವರಿಗಾಗಿ ಕಥೆಗಾರನು ವಿಜ್ಞಾನವನ್ನು ಸಾಕ್ಷಿಗೆ ಕರೆಯುತ್ತಾನೆ: ಇರುವೆ ತನ್ನ ತೂಕದ ನೂರಾರು ಪಾಲು ಭಾರವನ್ನು ಹೊರುವುದಿಲ್ಲವೆ? ಮಿಡತೆ ನೆಗೆಯುವುದಿಲ್ಲವೆ? ಇರುವೆ, ಮಿಡತೆಗಳೇ ಪ್ರಮಾಣ ನುಡಿದ ಮೇಲೆ ಅಡ್ಡಪ್ರಶ್ನೆ ಹಾಕುವವರು ಯಾರು?

ಇಂಥ ಬಲಶಾಲಿಯ ಪ್ರಥಮ ಯುದ್ಧ ಯಾರೊಡನೆ? ರಾಜ್ಯಪಾಲರ ಮನೆಯ ಪರಿಚಾರಕನೊಡನೆ! ನಿರಪರಾಧಿ ಹೆಣ್ಣೊಬ್ಬಳಿಗೆ ಇನ್ನು ಕೆಲವೇ ನಿಮಿಷಗಳಲ್ಲಿ ಮರಣದಂಡನೆಯಾಗಲಿದೆ. ನಿಜವಾದ ಅಪರಾಧಿಯನ್ನು ಕಟ್ಟಿ ತಂದು ಹುಲ್ಲುಹಾಸಿನ ಮೇಲೆ ಮಲಗಿಸಿ ನಾಯಕನು ಬಾಗಿಲು ತಟ್ಟುತ್ತಾನೆ. ಪರಿಚಾರಕ ಒಳಗೆ ಬಿಡನು, ಯಜಮಾನರು ನಿದ್ರೆಯಲ್ಲಿದ್ದಾರೆ. ಕೊನೆಗೆ ಉಕ್ಕಿನ ಬಾಗಿಲು ಮುರಿಯುತ್ತದೆ, ಪಿಸ್ತೂಲಿನ ಗುಂಡು ಮೈಗೆ ತಾಕಿ ಪುಟಿಯುತ್ತದೆ, ಹೆಣ್ಣಿನ ಪ್ರಾಣ ಉಳಿಯುತ್ತದೆ. ದೊಡ್ಡವರನ್ನು ಕಾಣಹೋಗಿ ಬಾಗಿಲಲ್ಲೇ ನಿಂತು ಬಂದ ಅನುಭವವುಳ್ಳ ಯಾರಿಗೂ ಈ ಪುಟಗಳು ಕೇವಲ ಕಲ್ಪನೆಯೆನಿಸವು.

ಎರಡನೆಯ ಎದುರಾಳಿ ಹೆಂಡತಿಯನ್ನು ಹೊಡೆಯುತ್ತಿರುವ ಗಂಡ. ಈಗ ನಿನ್ನೆದುರು ಹೆಣ್ಣಿಲ್ಲ ಎಂದು ಎಚ್ಚರಿಸಿ ನಾಯಕನು ಅವನನ್ನು ಗೋಡೆಗೆ ಎಸೆಯುತ್ತಾನೆ. ಗಂಡ ಚಾಕು ಬೀಸುತ್ತಾನೆ, ಚಾಕು ಮುರಿಯುತ್ತದೆ, ವೀರಪತಿ ಮೂರ್ಛೆ ಹೋಗುತ್ತಾನೆ. ಮುಂದಿನ ವರ್ಷಗಳಲ್ಲಿ ಲೋಕಗಳನ್ನೇ ನಡುಗಿಸುವ ಖಳರು ಬಂದರು; ಆದರೆ ನೆರೆಮನೆಯವರು ಕೇಳಿಯೂ ಕೇಳಿಸದಂತೆ ಕಿಟಕಿ ಮುಚ್ಚಿಕೊಳ್ಳುವ ಸದ್ದಿಗೆ ಮಹಾಪುರುಷನೊಬ್ಬ ಓಡಿಬಂದನೆಂಬುದು ಈ ಹಳೆಯ ಸಂಚಿಕೆಯ ಹಿರಿಮೆ.

ವೇಷ ಕಳಚಿದರೆ ಇದೇ ವೀರ ಕನ್ನಡಕದ ಕ್ಲಾರ್ಕ್ ಕೆಂಟ್, ಪತ್ರಿಕೆಯ ವರದಿಗಾರ. ಸಹೋದ್ಯೋಗಿ ಲೋಯಿಸ್ ಲೇನ್ ಅವನೊಡನೆ ಒಂದು ಸಂಜೆ ಹೊರಗೆ ಹೋಗಲು ಒಪ್ಪುತ್ತಾಳೆ. ನೃತ್ಯಶಾಲೆಯಲ್ಲಿ ಪುಂಡನೊಬ್ಬ ನಡುವೆ ನುಗ್ಗಿದಾಗ, ಕಾರುಗಳನ್ನು ಪುಡಿಗೈಯಬಲ್ಲ ಭುಜಗಳು ಗುಟ್ಟು ಕಾಯಲೆಂದು ಕುಗ್ಗಿ ನಿಲ್ಲುತ್ತವೆ. ಪುಂಡನ ಕೆನ್ನೆಗೆ ಬಾರಿಸುವವಳು ಲೋಯಿಸಳೇ! ಕ್ಲಾರ್ಕನಿಗೆ ದಕ್ಕುವುದು ಹೇಡಿಯೆಂಬ ಬಿರುದು. ಮುಖಪುಟದ ಕಾರು ಪುಡಿಯಾಗುವುದು ಇದರ ಮುಂದಿನ ಗಲಾಟೆಯಲ್ಲಿ. ಆ ಕಾರಿನಿಂದ ತನ್ನನ್ನು ಬಿಡಿಸಿದವನು ಯಾರೆಂದು ತಿಳಿಯದ ಆಕೆ ಮರುದಿನ ಕ್ಲಾರ್ಕನೊಡನೆ ಇನ್ನಷ್ಟು ಬಿಗುವಾಗುತ್ತಾಳೆ.

ಅನಂತರ ಸಂಪಾದಕನು ಕ್ಲಾರ್ಕನನ್ನು ದಕ್ಷಿಣ ಅಮೆರಿಕದ ಯುದ್ಧವಾರ್ತೆಗೆ ಕಳುಹಿಸಿದರೆ, ಆತ ಸದ್ದಿಲ್ಲದೆ ವಾಷಿಂಗ್ಟನ್ನಿಗೆ ರೈಲು ಹತ್ತುತ್ತಾನೆ. (ಪ್ರಯಾಣಭತ್ಯದ ಬಿಲ್ಲನ್ನು ಹೇಗೆ ಬರೆದನೋ!) ಅಲ್ಲಿ ಸೆನೆಟರನೊಬ್ಬನನ್ನು ಒಲಿಸಿಕೊಂಡು ದೇಶವನ್ನು ಯುದ್ಧಕ್ಕೆ ನೂಕಲು ಹವಣಿಸುವ ದಲ್ಲಾಳಿಯನ್ನು ಹೊತ್ತು ಟೆಲಿಫೋನ್ ತಂತಿಯ ಮೇಲೆ ಓಡುತ್ತಾನೆ. ಕಂಬ ಮುಟ್ಟದಿದ್ದರೆ ತಂತಿಯ ಮೇಲಿನ ಹಕ್ಕಿಗೆ ಅಪಾಯವಿಲ್ಲವೆಂದು ಆ ನಡುಗುವ ಪ್ರಾಣಿಗೆ ದಾರಿಯುದ್ದಕ್ಕೂ ಬೋಧಿಸುತ್ತಾನೆ. ಕಟ್ಟಡದಿಂದ ಕಟ್ಟಡಕ್ಕೆ ನೆಗೆಯುವಾಗ ಗುರಿ ತಪ್ಪುತ್ತದೆ; ಮುಂದಿನದು ಮುಂದಿನ ಸಂಚಿಕೆಯಲ್ಲಿ. ಧಾರಾವಾಹಿಗಳ ಓದುಗರಿಗೆ ಈ ಹಿಂಸೆ ಹೊಸದಲ್ಲ.

ಈ 13 ಪುಟಗಳ ಕಥೆ ಬರೆದವನು ಜೆರಿ ಸೀಗಲ್, ಚಿತ್ರ ಬರೆದವನು ಜೋ ಶುಸ್ಟರ್. ಕ್ಲೀವ್‌ಲೆಂಡಿನಲ್ಲಿ ಬೆಳೆದ, ಇನ್ನೂ 23 ತುಂಬಿದ್ದ ಗೆಳೆಯರು. ಅನೇಕ ಪತ್ರಿಕೆಗಳು ಬೇಡವೆಂದು ಹಿಂದಿರುಗಿಸಿದ್ದ ಈ ವೀರನನ್ನು ಅವರು ಎಲ್ಲ ಹಕ್ಕುಗಳೊಡನೆ ಪ್ರಕಾಶಕರಿಗೆ 130 ಡಾಲರಿಗೆ ಬರೆದುಕೊಟ್ಟರು: ಪುಟಕ್ಕೆ 10 ಡಾಲರು. ಸೂಪರ್‌ಮ್ಯಾನ್ ರೇಡಿಯೋ ಹೊಕ್ಕ, ಚಲನಚಿತ್ರ ಹೊಕ್ಕ. ನಿರ್ಮಾತೃಗಳು ನ್ಯಾಯಾಲಯ ಹೊಕ್ಕರು, ಹಕ್ಕು ಮರಳಲಿಲ್ಲ. ಶುಸ್ಟರನ ದೃಷ್ಟಿ ಮಂದವಾಯಿತು. 1975ರಲ್ಲಿ ಇತರ ಚಿತ್ರಕಾರರೂ ದನಿಗೂಡಿಸಿ ಗದ್ದಲವೆಬ್ಬಿಸಿದ ಮೇಲೆ ಇಬ್ಬರಿಗೂ ವರ್ಷಕ್ಕೆ 20,000 ಡಾಲರುಗಳ ನಿವೃತ್ತಿವೇತನ ದೊರೆಯಿತು. ಅಳಿಸಿಹೋಗಿದ್ದ ಹೆಸರುಗಳು ಮತ್ತೆ ಕಥೆಯ ತಲೆಯ ಮೇಲೆ ಅಚ್ಚಾದವು.

ಆ 130 ಡಾಲರುಗಳನ್ನು ಇತರ ಕೆಲಸದ ಬಾಕಿಯೊಡನೆ ಸೇರಿಸಿ 412 ಡಾಲರಿಗೆ ಬರೆದ ಚೆಕ್ಕು ಇಂದಿಗೂ ಉಳಿದಿದೆ. ಇಬ್ಬರೂ ತೀರಿಕೊಂಡ ಬಹುಕಾಲದ ಮೇಲೆ, 2012ರಲ್ಲಿ, ಅವರ ರುಜುವಿದ್ದ ಆ ಚೀಟಿ 1,60,000 ಡಾಲರಿಗೆ ಹರಾಜಾಯಿತು.